ಲೈನ್ ಬಂದ ಮೇಲೆ ಹೋಗುತ್ತದೆ

ಜಾವಳಿ
೧೨ ಜೂನ್ ೨೦೦೪

ಶಾಲಿನಿಗೆ,

ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಅಂತ ಶುರು ಮಾಡಬೇಕಂತೆ. ಮಾಡಿದ್ದೇನೆ ಅಂದುಕೋ. ಏಳು ವರ್ಷದಿಂದ ಮಾತು ಬಿಟ್ಟ ನಾದಿನಿಗೆ ನಾನಾಗಿ ಪತ್ರ ಬರೆಯುತ್ತಿದ್ದೇನೆ ಅಂದರೆ ಬೇರೆ ದಾರಿ ಇಲ್ಲ ಅಂತಲೇ ಅರ್ಥ. ಫೋನು ಮೊದಲ ಮಳೆಗೇ ಸತ್ತಿದೆ.

ವಿಷಯ ನಿಮ್ಮಣ್ಣನ ಕಂಪ್ಯೂಟರಿನದು. ಅವರು ಹೋದ ದಿನ ಅದರ ಹಿಂದಿನ ಫೋನ್ ವೈರು ಕಿತ್ತು, ಮೇಲೊಂದು ಹಳೇ ಸೀರೆ ಹೊದಿಸಿದ್ದೆ. ಮೂರು ವರ್ಷ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಅವರ ಇಂಟರ್ನೆಟ್ ಅಕೌಂಟನ್ನು ಮಾತ್ರ ವರ್ಷವರ್ಷವೂ ರಿನ್ಯೂ ಮಾಡಿಸುತ್ತಾ ಬಂದಿದ್ದೇನೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಹೋದ ತಿಂಗಳು ನಮ್ಮ ಎಸ್ಟೇಟ್ ರೈಟರ್ ಪುಟ್ಟಸ್ವಾಮಿ, ಆಳುಗಳ ಹಾಜರಿ ಅದರಲ್ಲೇ ಬರೆಯಬಹುದಲ್ಲ ಅಂತ ಆಸೆಪಟ್ಟು ಸ್ವಿಚ್ ಹಾಕಿದ. ನೀಲಿ ಪರದೆ ಬಂದು ನಿಂತುಬಿಟ್ಟಿತು. ಮೂಡಿಗೆರೆಯ ಚನ್ನಕೇಶವನ ಅಂಗಡಿಗೆ ಜೀಪಿನಲ್ಲಿ ಹಾಕಿ ಕಳಿಸಿದೆ. ಅವನು ನೋಡಿ, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು, ಉಳಿಸುವಂಥದ್ದು ಏನಾದರೂ ಇದೆಯಾ ಅಂತ ಕೇಳಿ ಕಳಿಸಿದ. ಅವರ ಮೇಲ್‌ಗಳೆಲ್ಲ ಅದರಲ್ಲೇ ಇವೆ ಅಂದೆ. ಮೈ ಡಾಕ್ಯುಮೆಂಟ್ಸ್ ತೆಗೆದು ನೋಡಿದನಂತೆ. ಕಾಫಿ ಕ್ಯೂರಿಂಗ್ ಮಿಲ್ಲಿನವರಿಗೆ ಬರೆದ ಪತ್ರಗಳು, ಮೆಣಸಿನ ಬಳ್ಳಿಯ ಒಂದು ಫೋಟೋ, ಅಷ್ಟೇ. ಮೇಲ್ ಇಲ್ಲ ಅನ್ನುತ್ತಾನೆ.

ಇರಲೇಬೇಕು. ನೀನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳು. ಅವು ಎಲ್ಲಿ ಅಡಗಿ ಕೂತಿರುತ್ತವೆ ಅಂತ ಬರೆದು ಕಳಿಸು. ನಿನ್ನ ಉತ್ತರ ಬರುವವರೆಗೆ ಅದರ ಒಂದು ಸ್ಕ್ರೂ ತಿರುಗಿಸಿದರೂ ಕೈ ಮುರಿಯುತ್ತೇನೆ ಅಂತ ಚನ್ನಕೇಶವನಿಗೆ ಹೇಳಿಸಿದ್ದೇನೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ, ಆಗುತ್ತಿಲ್ಲ. ಕೊನೆಯ ಮಳೆಗಾಲ ಪೂರ್ತಿ ಅವರು ನಿನಗೆ ಬರೆದರು. ಸಂಜೆ ಕಾಫಿ ಕುಡಿದು ಕೂತರೆ ದೀಪ ಹಚ್ಚುವವರೆಗೂ ಟಕಟಕ ಕುಟ್ಟುತ್ತಿದ್ದರು. ಯಾರಿಗೆ ಅಂದರೆ ಶಾಲಿಗೆ ಅನ್ನುತ್ತಿದ್ದರು. ನೀನು ಒಂದು ಸಾಲಿನ ಉತ್ತರ ಕೊಡಲಿಲ್ಲ. ಅವರನ್ನು ಮಣ್ಣು ಮಾಡಿದ ಮೇಲೆ ಬಂದೆ, ಗೇಟಿನ ಹತ್ತಿರವೇ ನಿಂತು ಒಂದು ಲೋಟ ನೀರೂ ಕುಡಿಯದೆ ಹೋದೆ. ಅವರು ನಿನ್ನ ಹತ್ತಿರ ಅಷ್ಟು ದಿನ ಏನು ಕೇಳುತ್ತಿದ್ದರು ಅನ್ನುವುದು ನನಗೆ ಗೊತ್ತಾಗಬೇಕು. ನೀನಂತೂ ಹೇಳುವವಳಲ್ಲ. ಆ ಡಬ್ಬವಾದರೂ ಹೇಳಲಿ.

ಸಾವಿತ್ರಮ್ಮ


ಚಿಕ್ಕಮಗಳೂರು
೧೯ ಜೂನ್ ೨೦೦೪

ಸಾವಿತ್ರಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಮೊದಲು ಚನ್ನಕೇಶವ ಅವರಿಗೆ ಹೇಳಬೇಕಾದದ್ದು ಬರೆಯುತ್ತೇನೆ, ಈ ಹಾಳೆಯನ್ನೇ ಅವರಿಗೆ ಕೊಡಿ.

ಅಣ್ಣ ಬಳಸುತ್ತಿದ್ದದ್ದು ಔಟ್‌ಲುಕ್ ಎಕ್ಸ್‌ಪ್ರೆಸ್ ಇರಬೇಕು. ಅದು ಮೇಲ್‌ಗಳನ್ನು ಮೈ ಡಾಕ್ಯುಮೆಂಟ್ಸ್‌ನಲ್ಲಿ ಇಡುವುದಿಲ್ಲ. ವಿಂಡೋಸ್ ಫೋಲ್ಡರಿನ ಒಳಗೆ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟ ಜಾಗದಲ್ಲಿ ಇಡುತ್ತದೆ. ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ ಪ್ರೋಗ್ರಾಂ ತೆರೆಯಬೇಕು. ಟೂಲ್ಸ್, ಅದರಲ್ಲಿ ಆಪ್ಷನ್ಸ್, ಅದರಲ್ಲಿ ಮೇಂಟೆನೆನ್ಸ್, ಅಲ್ಲಿ ಸ್ಟೋರ್ ಫೋಲ್ಡರ್ ಅನ್ನುವ ಬಟನ್ ಒತ್ತಿದರೆ ಒಂದು ಉದ್ದನೆಯ ವಿಳಾಸ ಬರುತ್ತದೆ. ಮೇಲ್‌ಗಳು ಇರುವುದು ಅಲ್ಲಿ. ಪ್ರೋಗ್ರಾಂ ತೆರೆಯದಿದ್ದರೆ ಹಾರ್ಡ್‌ಡಿಸ್ಕ್ ಪೂರ್ತಿ ಡಿಬಿಎಕ್ಸ್ ಅಂತ ಕೊನೆಯಾಗುವ ಫೈಲುಗಳನ್ನು ಹುಡುಕಿಸಲಿ. ಬಂದ ಮೇಲ್‌ಗಳಿಗೆ ಒಂದು ಫೈಲು, ಕಳಿಸಿದವಕ್ಕೆ ಒಂದು, ಹೀಗೆ ಬೇರೆ ಬೇರೆ ಇರುತ್ತವೆ. ಯಾವುದನ್ನೂ ಆರಿಸುವುದು ಬೇಡ, ಇಡೀ ಫೋಲ್ಡರನ್ನೇ ನಕಲು ಮಾಡಲಿ. ಅಡ್ರೆಸ್ ಬುಕ್ ಬೇರೆ ಕಡೆ ಇರುತ್ತದೆ, ಅದೂ ಬೇಕು. ಅಕೌಂಟಿನ ವಿವರವನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಲಿ. ಫ್ಲಾಪಿಯಲ್ಲಿ ಹಿಡಿಸುವುದಿಲ್ಲ, ಸಿ.ಡಿ. ಬೇಕು. ಮತ್ತೆ ಸಿ.ಡಿ.ಯಿಂದ ಹಾಕಿಕೊಳ್ಳುವಾಗ ಫೈಲುಗಳ ರೀಡ್ ಓನ್ಲಿ ಗುರುತು ತೆಗೆಯಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಅವನ್ನು ಒಪ್ಪಿಕೊಳ್ಳುವುದಿಲ್ಲ. ಸಿ.ಡಿ.ಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ಎಲ್ಲ ಇದೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಹಳೆಯದನ್ನು ಅಳಿಸಬೇಕು. ಅಳಿಸಿದ್ದು ಮತ್ತೆ ಸಿಗುವುದಿಲ್ಲ.

ಇನ್ನು ನಿಮಗೆ. ಅಣ್ಣನಿಂದ ನನಗೆ ಒಂದು ಮೇಲೂ ಬಂದಿಲ್ಲ.

ಅವ್ವನನ್ನು ಮಣ್ಣು ಮಾಡಿದ್ದ ರಂಜದ ಮರದ ಬುಡಕ್ಕೆ ಕಾಫಿ ಒಣಗಿಸುವ ಕಣ ಮಾಡುತ್ತೇನೆ ಅಂತ ಅವನು ಬುಲ್ಡೋಜರ್ ಓಡಿಸಿದ ದಿನ ನಾನು ಆ ಮನೆ ಬಿಟ್ಟೆ. ಆಮೇಲೆ ಅವನು ಅಂಚೆಯಲ್ಲಿ ಕಳಿಸಿದ ಪತ್ರಗಳನ್ನು ಒಡೆಯದೆ ವಾಪಸು ಕಳಿಸಿದ್ದೂ ನಿಜ. ಆದರೆ ಅವನು ಹೋದ ವರ್ಷ ಜುಲೈ ಮೊದಲಲ್ಲಿ ತಡೆಯಲಾಗದೆ, ಅವನ ಲಕೋಟೆಯ ಮೇಲಿದ್ದ ವಿಳಾಸಕ್ಕೆ ನಾನೇ ಮೇಲ್ ಮಾಡಿದೆ. ಒಂದೇ ಮಾತು ಕೇಳಿದ್ದೆ, ಅವ್ವ ಎಲ್ಲಿದ್ದಾಳೆ ಅಂತ ನಿನಗೀಗ ಗೊತ್ತಾ ಅಂತ. ಉತ್ತರ ಬರಲಿಲ್ಲ. ಅವನು ಸತ್ತ ಸುದ್ದಿ ಬಂತು. ಉತ್ತರ ಕೊಡಲು ಮನಸ್ಸಾಗದೆ ಹೋದ ಅಂತಲೇ ತಿಳಿದು ಮೂರು ವರ್ಷ ಕಳೆದಿದ್ದೇನೆ. ಈಗ ಬರೆದಿದ್ದ ಅನ್ನುತ್ತೀರಿ. ಯಾವುದನ್ನು ನಂಬಲಿ?

ಶಾಲಿನಿ


ಜಾವಳಿ
೩ ಜುಲೈ ೨೦೦೪

ಶಾಲಿನಿ,

ಅತ್ತಿಗೆ ಅನ್ನಲು ನಾಲಿಗೆ ಬರಲಿಲ್ಲ ನಿನಗೆ, ಹೆಸರು ಹಿಡಿದು ಬರೆದಿದ್ದೀಯ. ಇರಲಿ. ನಿಮ್ಮ ಮನೆತನದ ಸಿಟ್ಟು ನನಗೆ ಹೊಸದಲ್ಲ.

ಮೇಲ್‌ಗಳು ಸಿಕ್ಕಿವೆ. ನೀನು ಹೇಳಿದ ಜಾಗದಲ್ಲೇ ಇದ್ದವಂತೆ, ಫೋಲ್ಡರಿನೊಳಗೆ ಫೋಲ್ಡರು, ಹಳೇ ಪೆಟ್ಟಿಗೆಯೊಳಗೆ ಸೀರೆ ಗಂಟು ಕಟ್ಟಿ ಇಟ್ಟ ಹಾಗೆ. ಚನ್ನಕೇಶವ ಸಿ.ಡಿ. ಮಾಡಿ ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ದಾನೆ. ಇನ್ನು ಹಳೆಯದನ್ನು ಅಳಿಸಿ ಹೊಸ ವಿಂಡೋಸ್ ಹಾಕಿ, ಎಲ್ಲ ಮೊದಲಿದ್ದ ಹಾಗೇ ಕೂರಿಸಿ ಕೊಡುತ್ತಾನಂತೆ.

ನಿನಗೆ ಬಂದಿಲ್ಲ ಅಂದರೆ ಬಂದಿಲ್ಲ, ಸುಳ್ಳು ಹೇಳುವವಳಲ್ಲ ನೀನು. ಆದರೆ ಅವರು ಬರೆದದ್ದನ್ನು ನಾನು ನೋಡಿದ್ದೇನೆ. ಫೋನ್ ಬಿಲ್ ಏರುತ್ತದೆ ಅಂತ ಇಲ್ಲಿ ಯಾರೂ ಲೈನಿನಲ್ಲಿ ಕೂತು ಬರೆಯುವುದಿಲ್ಲ. ಮೊದಲು ಎಲ್ಲ ಬರೆದಿಟ್ಟುಕೊಂಡು, ಲೈನ್ ಚೆನ್ನಾಗಿದ್ದಾಗ ಒಂದೇ ಸಲ ಸೇರಿಸಿ ಕಳಿಸುತ್ತಾರೆ. ನಿನ್ನ ಮೇಲ್ ಬಂದ ಮೇಲೆ ಇರಬೇಕು, ಆ ಮಳೆಗೆ ರಸ್ತೆಗೂ ಮರ ಬಿದ್ದಿತ್ತು, ಲೈನ್ ಮೇಲೂ ಬಿದ್ದಿತ್ತು. ಇವತ್ತಾದರೂ ಹೋಯಿತಾ ಅಂತ ಕೇಳಿದರೆ, "ಲೈನ್ ಬಂದ ಮೇಲೆ ಹೋಗ್ತದೆ ಮಾರಾಯ್ತಿ, ನಿಂಗ್ಯಾಕೆ ಅವಸರ" ಅನ್ನುತ್ತಿದ್ದರು. ನಡುವೆ ಒಂದೆರಡು ಸಲ ಲೈನ್ ಗಳಿಗೆ ಹೊತ್ತು ಬಂದು ಹೋಗಿತ್ತು, ಆಗ ಹೋಗಿರಬೇಕು ಅಂತ ನಾನು ತಿಳಿದಿದ್ದೆ. ಲೈನ್ ಸರಿಯಾದದ್ದು ಅವರು ಎದೆ ಹಿಡಿದುಕೊಂಡು ಹೋದ ಮೇಲೆ. ಅಷ್ಟರಲ್ಲಿ ನಾನು ವೈರು ಕಿತ್ತಾಗಿತ್ತು.

ಅತ್ತೆ ಎಲ್ಲಿದ್ದಾರೆ ಅಂತ ಕೇಳಿದ್ದೀಯಲ್ಲ, ಅದಕ್ಕೆ ಮೇಲ್ ಯಾಕೆ ಬೇಕಿತ್ತು? ನನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆ. ಬೇಲಿಯ ಪಕ್ಕ ನಿಮ್ಮಣ್ಣ ಕಲ್ಲು ನೆಡಿಸಿದ್ದಾರೆ. ಅತ್ತೆ ಹೋದಾಗ ನಾನು ಬಾಣಂತನಕ್ಕೆ ತವರಿನಲ್ಲಿದ್ದೆ, ಮಣ್ಣು ಮಾಡಿದ್ದನ್ನು ಕಂಡವಳಲ್ಲ. ಮರದ ಬುಡದಲ್ಲಿ ಎಲ್ಲೋ ಅಂತಷ್ಟೇ ಗೊತ್ತಿತ್ತು, ಮರ ಹೋದ ಮೇಲೆ ಅವರು ತೋರಿಸಿದ ಕಲ್ಲಿಗೆ ಪ್ರತಿ ಮಹಾಲಯಕ್ಕೂ ಎಡೆ ಇಟ್ಟು ಕೈ ಮುಗಿಯುತ್ತೇನೆ. ಕಣಕ್ಕೂ ಆ ಜಾಗಕ್ಕೂ ಸಂಬಂಧವೇ ಇಲ್ಲ, ಅತ್ತೆಯ ಜಾಗ ಬಿಟ್ಟೇ ಮಾಡಿಸಿದ್ದು ಅಂದಿದ್ದರು. ಅವರು ಮಾತ್ರ ಕಣಕ್ಕೆ ಸಿಮೆಂಟ್ ಹಾಕಿಸದೆ, ಈ ವರ್ಷ ಬೇಡ ಈ ವರ್ಷ ಬೇಡ ಅಂತ ಮಣ್ಣಾಗಿಯೇ ಬಿಟ್ಟಿದ್ದರು. ಅವರು ಶುರು ಮಾಡಿದ ಕೆಲಸ ಅರ್ಧಕ್ಕೆ ನಿಲ್ಲಬಾರದು ಅಂತ ಮರುಬೇಸಿಗೆಯಲ್ಲಿ ನಾನೇ ಹಾಕಿಸಿದೆ.

ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆಯಿಂದ ನಾನು ಆ ಕಣದಲ್ಲೇ ಇರುತ್ತೇನೆ. ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತರೆ ಊಟಕ್ಕೇ ಏಳುವುದು. ಕೂರುವುದು ಒಂದೇ ಜಾಗದಲ್ಲಿ. ಬಿಸಿಲಿಗೆ ಆಚೆ ಸರಿಸಿದರೆ ಮೈಯೆಲ್ಲ ಚಡಪಡಿಸಿ, ಮತ್ತೆ ಎತ್ತಿಕೊಂಡು ಬಂದು ಅಲ್ಲೇ ಹಾಕಿಕೊಳ್ಳುತ್ತೇನೆ. ಅಲ್ಲಿ ಕೂತಾಗ ಯಾರೋ ಹತ್ತಿರದಲ್ಲಿದ್ದಾರೆ ಅನ್ನಿಸುತ್ತದೆ ನನಗೆ. ಯಾರಿಗೂ ಹೇಳಿಲ್ಲ ಇದನ್ನು. ಕಾಫಿ ಹರಡುವ ಮುತ್ತಮ್ಮ, ಅಮ್ಮ ಅಲ್ಲೇ ಬೇರು ಬಿಟ್ಟಿದ್ದಾರೆ ಅಂತ ಎಲ್ಲರೆದುರು ನಗಾಡುತ್ತಾಳೆ.

ಸಾವಿತ್ರಮ್ಮ


ಚಿಕ್ಕಮಗಳೂರು
೯ ಜುಲೈ ೨೦೦೪

ಅತ್ತಿಗೆ,

ಈ ಪತ್ರ ಕೈಗೆ ಬಂದ ಕೂಡಲೇ ಮೂಡಿಗೆರೆಗೆ ಜನ ಕಳಿಸಿ. ಹೊಸ ವಿಂಡೋಸ್ ಹಾಕಿ ಮೇಲ್‌ಗಳನ್ನು ವಾಪಸು ಕೂರಿಸಿದ ಮೇಲೆ ಯಾವ ಕಾರಣಕ್ಕೂ ಫೋನ್ ವೈರು ಸಿಕ್ಕಿಸಬಾರದು.

ಲೈನ್ ಇಲ್ಲದಾಗ ಬರೆದು ಕಳಿಸು ಅಂದ ಮೇಲ್‌ಗಳು ಔಟ್‌ಬಾಕ್ಸ್ ಅನ್ನುವ ಫೈಲಿನಲ್ಲಿ ಕಾದು ಕೂತಿರುತ್ತವೆ. ಅವನ್ನು ಎಷ್ಟು ವರ್ಷ ಬಿಟ್ಟರೂ ಹಾಗೇ ಇರುತ್ತವೆ. ಲೈನ್ ಸಿಕ್ಕ ಕ್ಷಣ ಯಾರನ್ನೂ ಕೇಳದೆ ಹೊರಟುಹೋಗುತ್ತವೆ. ಅಣ್ಣ ನನಗೆ ಬರೆದದ್ದು ಅಲ್ಲಿದೆ ಅಂತ ನನಗೀಗ ಖಾತ್ರಿಯಾಗಿದೆ. ಬೇರೆ ಯಾರಿಗೆ ಏನು ಬರೆದಿಟ್ಟಿದ್ದನೋ, ಅವರ ಗತಿ ಏನು? ಮೊದಲು ನೀವು ಅಂಗಡಿಗೆ ಹೋಗಿ ಕೂತು ಓದಿ. ಆಮೇಲೆ ಕಳಿಸುವುದೋ ಬೇಡವೋ ಯೋಚಿಸೋಣ.

ಬೇಲಿಯ ಪಕ್ಕ ಅಂದಿರಲ್ಲ. ಅವ್ವ ಇದ್ದದ್ದು ಬೇಲಿಯ ಪಕ್ಕ ಅಲ್ಲ. ಅದನ್ನು ಈಗ ಬರೆಯುವಷ್ಟು ಸಮಾಧಾನ ನನಗಿಲ್ಲ.

ಶಾಲಿನಿ


ಜಾವಳಿ
೨೮ ಜುಲೈ ೨೦೦೪

ಶಾಲಿನಿ,

ನಿನ್ನ ಪತ್ರ ನಿನ್ನೆ ಬಂತು. ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸುಗಳು ನಿಂತಿದ್ದವು. ಕೆಲಸ ಅಷ್ಟು ಹೊತ್ತಿಗೆ ಆಗಿಹೋಗಿತ್ತು.

ಮೊನ್ನೆ ಭಾನುವಾರ ಕಳಸದ ದಾಮೋದರ ಭಟ್ಟರು ಆ ಮಳೆಯಲ್ಲಿ, ಸುತ್ತು ಹಾದಿ ಹಿಡಿದು ಜೀಪು ಮಾಡಿಕೊಂಡು ಬಂದರು. ನಿಮ್ಮಣ್ಣನ ಹಳೇ ಸ್ನೇಹಿತರು, ಅಡಿಕೆ ತೋಟದವರು. ಮೆಟ್ಟಿಲ ಕೆಳಗೇ ನಿಂತರು, ಒಳಗೆ ಬನ್ನಿ ಅಂದರೆ ಬರಲಿಲ್ಲ.

"ವೆಂಕಟೇಶ್ ಇದಾರಾ?" ಅಂದರು.

ಆ ಮನುಷ್ಯ ನಿಮ್ಮಣ್ಣನ ಗುಂಡಿಗೆ ತನ್ನ ಕೈಯಾರೆ ಮಣ್ಣು ಹಾಕಿದವರು. ಜೇಬಿನಿಂದ ಒಂದು ಕಾಗದ ತೆಗೆದರು. ಮೇಲ್ ಅಚ್ಚು ಹಾಕಿಸಿಕೊಂಡು ತಂದಿದ್ದರು, ಇಂಗ್ಲಿಷ್ ಅಕ್ಷರದ ಕನ್ನಡ. ಮೆಣಸಿನ ಬಳ್ಳಿ ಕೊಡುತ್ತೇನೆ ಅಂದಿದ್ದಿರಲ್ಲ, ಮಳೆ ಕಡಿಮೆಯಾದ ಮೇಲೆ ನಾನೇ ಬರುತ್ತೇನೆ ಅಂತ ಬರೆದಿತ್ತು. ಕೆಳಗೆ ನಿಮ್ಮಣ್ಣನ ಹೆಸರು. ಭಟ್ಟರು ಜೀಪಿನಿಂದ ಗೋಣಿಚೀಲ ಇಳಿಸಿದರು. ಒಳಗೆ ಬಳ್ಳಿ. ಕೇಳಿದ್ದರಲ್ಲ, ಅವರು ಬರುವುದಕ್ಕೆ ಮೊದಲು ನಾನೇ ತಂದೆ ಅಂದರು. ತಲೆ ಕೆಟ್ಟವರಲ್ಲ ಅವರು. ಹೆದರಿದ್ದರು, ಅಷ್ಟೆ. ಬಿಸಿ ಕಾಫಿ ಕುಡಿಸಿ ಕಳಿಸಿ, ಬಳ್ಳಿಯನ್ನು ಸಿಲ್ವರ್ ಓಕಿನ ಬುಡಕ್ಕೆ ನೆಡಿಸಿದೆ.

ಚನ್ನಕೇಶವನನ್ನು ಬೈಯಲು ಆಳು ಕಳಿಸಿದೆ. ಮೇಲ್ ಸರಿಯಾಗಿ ಬರುತ್ತದಾ ಅಂತ ನೋಡಲು ಅಂಗಡಿಯ ಫೋನಿಗೆ ಸಿಕ್ಕಿಸಿದನಂತೆ. ಕೆಳಗಡೆ ಏನೋ ಪಟ್ಟಿ ಓಡಿತು, ಮುಗಿಯಿತು ಅನ್ನುತ್ತಾನೆ. ಅವನ ತಪ್ಪೇನೂ ಇಲ್ಲ. ಮೂರು ವರ್ಷ ಕಾದವು ಇನ್ನೊಂದು ವಾರ ಕಾಯಲಿಲ್ಲ.

ನಿನಗೂ ಬಂದಿರಬೇಕು. ಬಂತಾ? ನನಗೆ ಹೆದರಿಕೆಯಾಗುತ್ತಿದೆ ಶಾಲಿನಿ. ಎಲ್ಲರಿಗೂ ಬರೆದಿದ್ದಾರೆ, ನನಗೊಂದು ಇಲ್ಲ. ಒಂದೇ ಮನೆಯಲ್ಲಿರುವವಳಿಗೆ ಯಾರು ಮೇಲ್ ಬರೆಯುತ್ತಾರೆ ಹೇಳು. ಆದರೂ ದುಃಖವಾಗುತ್ತದೆ.

ಸಾವಿತ್ರಮ್ಮ


ಜಾವಳಿ
೨೫ ಆಗಸ್ಟ್ ೨೦೦೪

ಶಾಲಿನಿ,

ಒಂದು ತಿಂಗಳಾಯಿತು. ಬಂತು ಅಂತಲೋ ಇಲ್ಲ ಅಂತಲೋ ಒಂದು ಕಾರ್ಡು ಹಾಕಬಾರದಾ? ಬೇಲಿ ಪಕ್ಕ ಅಲ್ಲ ಅಂತ ಅರ್ಧ ಮಾತು ಬರೆದು ಬಿಟ್ಟಿದ್ದೀಯ. ಆ ಕಲ್ಲಿನ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೇನೆ ನಾನು. ಹಾಗಾದರೆ ಎಲ್ಲಿ?

ಸಾವಿತ್ರಮ್ಮ


ಚಿಕ್ಕಮಗಳೂರು
೧೪ ಸೆಪ್ಟೆಂಬರ್ ೨೦೦೪

ಅತ್ತಿಗೆಗೆ ನಮಸ್ಕಾರ.

ಬಂದಿದ್ದವು. ನಿಮ್ಮ ಪತ್ರ ಸಿಗುವವರೆಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವುಗಳ ಮೇಲಿದ್ದ ತಾರೀಖು ಅವನು ಬರೆದ ದಿನದ್ದು. ಹಾಗಾಗಿ ಪಟ್ಟಿಯಲ್ಲಿ ಮೇಲೆ ಬಾರದೆ, ಎಲ್ಲೋ ಕೆಳಗೆ, ೨೦೦೧ರ ಮೇಲ್‌ಗಳ ನಡುವೆ ಹೋಗಿ ಕೂತಿದ್ದವು. ಮೊದಲಿಂದಲೂ ಅಲ್ಲೇ ಇದ್ದವು, ನಾನೇ ನೋಡಿರಲಿಲ್ಲವೇನೋ ಅನ್ನುವ ಹಾಗೆ. ಕಾಲೇಜಿನ ಲ್ಯಾಬಿನಲ್ಲಿ ಹುಡುಗಿಯರು ಕೂತಿದ್ದರು. ಅವನ ಹೆಸರು ಸಾಲಾಗಿ, ದಪ್ಪ ಅಕ್ಷರದಲ್ಲಿ ಇತ್ತು. ಓದದ ಮೇಲ್‌ಗಳು ದಪ್ಪ ಅಕ್ಷರದಲ್ಲಿರುತ್ತವೆ. ನಾನು ಎದ್ದು ಹೊರಗೆ ಹೋದೆ.

ಇಷ್ಟು ದಿನ ಓದಲಿಲ್ಲ. ಓದಿದರೆ ಅವನು ನನಗೆ ಹೇಳುವುದು ಮುಗಿದು ಹೋಗುತ್ತದೆ ಅನ್ನಿಸುತ್ತಿತ್ತು. ಹೋದ ವಾರ ಓದಿದೆ. ಹೆಚ್ಚಿನವುಗಳಲ್ಲಿ ಏನೂ ಇಲ್ಲ. ಮಳೆ, ಕಾಯಿ ಉದುರಿದ್ದು, ನೀವು ಮಾಡಿದ ಕಳಲೆ ಪಲ್ಯ. ಬರೆಯಬೇಕಾದ ಮಾತಿನ ಸುತ್ತ ಸುತ್ತು ಹಾಕಿದ್ದಾನೆ. ಆಮೇಲೆ ಒಂದರಲ್ಲಿ ಬರೆದಿದ್ದಾನೆ. ಅವನ ಮಾತನ್ನೇ ಇಳಿಸುತ್ತೇನೆ.

"ಶಾಲಿ, ನೀ ಕೇಳಿದ್ದಕ್ಕೆ ಉತ್ತರ, ಗೊತ್ತಿಲ್ಲ ನಂಗೆ. ಬುಡ ಬಿಟ್ಟು ಕೆಲ್ಸ ಮಾಡು ಅಂತ ಬುಲ್ಡೋಜರ್‌ನವನಿಗೆ ಹೇಳಿ ಮೂಡಿಗೆರೆಗೆ ಹೋಗಿದ್ದೆ. ಬಂದು ನೋಡಿದ್ರೆ ಬುಡವೂ ಇಲ್ಲ ಏನೂ ಇಲ್ಲ, ಎಲ್ಲ ಕೆಂಪು ಮಣ್ಣು. ಬೇಲಿ ಪಕ್ಕದ ಕಲ್ಲು ಅಂದಾಜಿಗೆ ನೆಟ್ಟಿದ್ದು. ಸಾವಿತ್ರಿಗೆ ಹೇಳಿಲ್ಲ. ಅವಳು ಭಕ್ತಿಯಿಂದ ಎಡೆ ಇಡೋವಾಗ ನಾ ತೋಟಕ್ಕೆ ಹೋಗಿಬಿಡ್ತೀನಿ."

ಕೊನೆಯದು ಅವನು ಹೋಗುವುದಕ್ಕೆ ಎರಡು ದಿನ ಮೊದಲಿನದು.

"ದಿನಾ ಅಲ್ಲಿಗೆ ಹೋಗಿ ಹುಡುಕ್ತೀನಿ. ನಿಂಗೆ ಮಾತ್ರ ಗೊತ್ತಿರೋದು. ಮಾತಾಡ್ದಿದ್ರೂ ಸರಿ, ಬಂದು ಜಾಗ ತೋರಿಸಿ ಹೋಗು. ನೀ ಬರೋವರೆಗೆ ಅಲ್ಲಿ ಸಿಮೆಂಟ್ ಹಾಕ್ಸಲ್ಲ."

ನೀವು ತಿಳಿದು ಮಾಡಿದ್ದಲ್ಲ ಅತ್ತಿಗೆ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಅಳು ನಿಲ್ಲುತ್ತಿಲ್ಲ.

ಜಾಗ ಹೇಳುತ್ತೇನೆ. ಬಾವಿಕಟ್ಟೆಯ ಮೇಲೆ ನಿಂತರೆ ಕಾಫಿ ಪಲ್ಪರ್ ಹೌಸಿನ ಬಾಗಿಲೂ ಎದುರು ಗುಡ್ಡದ ಬೋಳು ಬಂಡೆಯೂ ಒಂದೇ ಸಾಲಿಗೆ ಬರುತ್ತವೆ. ಆ ಸಾಲು ಹಿಡಿದು ನೇರ ನಡೆಯಬೇಕು. ಹಳೇ ದನದ ಹಟ್ಟಿಯ ಕಲ್ಲುಕಂಬ ನಿಮ್ಮ ಬಲಗೈಗೆ ಸರಿಯಾಗಿ ಬಂದಲ್ಲಿ ನಿಲ್ಲಿ. ಹುಡುಗಿಯಾಗಿದ್ದಾಗ ದಿನಾ ಬಾವಿಯಿಂದ ನೀರು ಹೊತ್ತು ಆ ದಾರಿಯಲ್ಲೇ ಹೋಗಿ ಅವ್ವನ ತಲೆಯ ಹತ್ತಿರದ ಸೇವಂತಿಗೆಗೆ ಹಾಕುತ್ತಿದ್ದೆ. ಕಣ್ಣು ಮುಚ್ಚಿದರೂ ತಪ್ಪುವುದಿಲ್ಲ.

ನಾನೇ ಬಂದು ತೋರಿಸಬೇಕಿತ್ತು. ಆದರೆ ಅವ್ವನ ಮೇಲೆ ಹಾಕಿದ ಸಿಮೆಂಟಿನ ಮೇಲೆ ಕಾಲಿಡಲು ನನ್ನಿಂದಾಗುವುದಿಲ್ಲ. ಒತ್ತಾಯ ಮಾಡಬೇಡಿ.

ನಿಮ್ಮ
ಶಾಲಿನಿ


ಜಾವಳಿ
೪ ಅಕ್ಟೋಬರ್ ೨೦೦೪

ಶಾಲಿ,

ಅವರು ಕರೆಯುತ್ತಿದ್ದ ಹಾಗೆ ಕರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಪತ್ರ ಬಂದ ಮೇಲೆ ಎರಡು ದಿನ ಮಳೆ ಬಿಡಲಿಲ್ಲ. ನನಗೊಂದು ಮಾತು ಹೇಳಬಾರದಿತ್ತಾ ಅವರು? ಬೈಯುತ್ತಿದ್ದೆ ನಿಜ. ಬೈದು, ಆಮೇಲೆ ನಾನೂ ಜೊತೆಗೆ ಹುಡುಕುತ್ತಿದ್ದೆ. ಒಂದೇ ತಟ್ಟೆ ಅನ್ನ ಉಂಡವರು, ಈ ಸಂಕಟವನ್ನು ಒಬ್ಬರೇ ಹೊತ್ತುಕೊಂಡು ಹೋದರು.

ಮೂರನೇ ದಿನ ಮಳೆ ಹೊಳವಾಯಿತು. ನಾನು ಬಾವಿಕಟ್ಟೆ ಹತ್ತಿ ನಿಂತು, ಮುತ್ತಮ್ಮನಿಗೆ ಕಣದ ಮೇಲೆ ನಡಿ ಅಂದೆ. ಯಾಕೆ ಅಂತ ಹೇಳಲಿಲ್ಲ. ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಅಂತ ಕೂಗುತ್ತಾ ಸಾಲಿಗೆ ತಂದು, ಹಟ್ಟಿಯ ಕಂಬ ಬಲಗೈಗೆ ಬರುತ್ತಲೇ ನಿಲ್ಲು ಅಂದೆ. ಅವಳು ನಿಂತು ಕೆಳಗೆ ನೋಡಿದಳು.

"ಅಮ್ಮ, ಇದು ನಿಮ್ ಕುರ್ಚಿ ಹಾಕೋ ಜಾಗ ಅಲ್ವಾ" ಅಂದಳು.

ಸಿಮೆಂಟಿನ ಮೇಲೆ ಕುರ್ಚಿ ಕಾಲಿನ ತುಕ್ಕಿನ ಗುರುತು ನಾಲ್ಕೂ ಇದ್ದವು. ಅವಳು ಅವುಗಳ ನಡುವೆ ನಿಂತಿದ್ದಳು. ನಂಬಿಕೆ ಬರದೆ ಅವಳನ್ನು ಮನೆಗೆ ಕಳಿಸಿ, ನಾನೇ ನೀನು ಹೇಳಿದ ಹಾಗೆ ನಡೆದು ನೋಡಿದೆ. ಅಲ್ಲಿಗೇ ಹೋಗಿ ನಿಂತೆ. ಅಲ್ಲೇ ನೆಲಕ್ಕೆ ಕೂತೆ. ಎರಡು ಕೊಯ್ಲು, ಶಾಲಿ. ಎರಡು ಕೊಯ್ಲು ಪೂರ್ತಿ ನಾನು ಅತ್ತೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಪಾಪ, ಒಂದು ದಿನವೂ ನನ್ನನ್ನು ಎಬ್ಬಿಸಲಿಲ್ಲ ಅವರು. ಹತ್ತಿರದಲ್ಲಿ ಯಾರೋ ಇದ್ದಾರೆ ಅಂತ ಬರೆದಿದ್ದೆನಲ್ಲ, ಅದು ನೆನಪಾಗಿ ಮೈ ಜುಂ ಅಂದಿತು. ಹೆದರಿಕೆಯಲ್ಲ. ಅದಕ್ಕೆ ಏನನ್ನುತ್ತಾರೆ ನನಗೆ ಗೊತ್ತಿಲ್ಲ.

ಮಾರನೇ ದಿನವೇ ಆಳು ಹಚ್ಚಿದೆ. ಕೊಯ್ಲು ಎದುರಿಗಿದೆ, ಈಗ ಕಣ ಒಡೆಸಿದರೆ ಕಾಫಿ ಎಲ್ಲಿ ಒಣಗಿಸುವುದು ಅಂತ ಪುಟ್ಟಸ್ವಾಮಿ ತಲೆ ಚಚ್ಚಿಕೊಂಡ. ನಿನ್ನ ತಲೆ ಮೇಲೆ ಒಣಗಿಸು ಅಂದೆ. ಒಂದು ಮಂಚದಷ್ಟು ಜಾಗ ಪೂರ್ತಿ ಒಡೆಸಿ, ಚೂರುಗಳನ್ನು ಆರಿಸಿ ಹೊರಗೆ ಹಾಕಿಸಿದ್ದೇನೆ. ಕೆಳಗಿನ ಮಣ್ಣು ಈಗಲೂ ಕೆಂಪಾಗಿದೆ. ಸೇವಂತಿಗೆ ಸಸಿ ತರಿಸಿ ನೀರು ಚಿಮುಕಿಸಿ ಇಟ್ಟಿದ್ದೇನೆ, ನೆಟ್ಟಿಲ್ಲ. ತಲೆ ಯಾವ ಕಡೆ ಅಂತ ನೀನು ಬರೆದಿಲ್ಲ.

ಮುಂದಿನ ವಾರ ಮಹಾಲಯ. ಈ ಸಲ ಎಡೆ ಬೇಲಿಯ ಹತ್ತಿರ ಇಡುವುದಿಲ್ಲ. ಅತ್ತೆಗೊಂದು, ನಿಮ್ಮಣ್ಣನಿಗೊಂದು, ಎರಡೂ ಅಲ್ಲೇ. ನೀನು ಬರಬೇಕು. ಸಿಮೆಂಟಿನ ಮೇಲೆ ಕಾಲಿಡುವುದಿಲ್ಲ ಅಂದಿದ್ದೀಯ. ಇಡಬೇಡ. ಬಾವಿಕಟ್ಟೆಯಿಂದ ಅತ್ತೆಯವರೆಗೆ, ನೀನು ನೀರು ಹೊತ್ತು ಹೋಗುತ್ತಿದ್ದ ಸಾಲಿನಲ್ಲೇ, ಒಬ್ಬರು ನಡೆಯುವಷ್ಟು ಅಗಲಕ್ಕೆ ಕಣ ಒಡೆಸಿ ದಾರಿ ಮಾಡಿಸಿದ್ದೇನೆ. ಗೇಟಿನಿಂದ ಬಾವಿಯವರೆಗೆ ಹೇಗೂ ಹುಲ್ಲು.

ಫೋನ್ ಸರಿಯಾಗಿದೆ. ಆದರೂ ಫೋನ್ ಮಾಡಬೇಡ, ಮೇಲ್ ಬರೆಯಬೇಡ. ಮಣ್ಣಿನ ಮೇಲೇ ನಡೆದುಕೊಂಡು ಬಾ.

ನಿನ್ನ ಅತ್ತಿಗೆ
ಸಾವಿತ್ರಿ